ಹರಿಗೋಲಿನ ಮೇಲಿನ ಸುಣ್ಣದ ಗೆರೆ

ನಮ್ಮೂರಿನಲ್ಲಿ ಮೀನು ಕೊಳ್ಳುವವರು ಕಿವಿರು ಎತ್ತಿ ನೋಡುವುದಿಲ್ಲ, ಮೂಸಿಯೂ ನೋಡುವುದಿಲ್ಲ. ಬಾಲ ಹಿಡಿದು ಕಲ್ಲಿಗೆ ಕುಟ್ಟಿ ನೋಡುತ್ತಾರೆ. ಹೊಳೆದಂಡೆಯಲ್ಲಿ ಅದಕ್ಕೆಂದೇ ಒಂದು ಚಪ್ಪಡಿಯಿದೆ. ಕಂಚಿನ ತಟ್ಟೆ ಬಿದ್ದ ಹಾಗೆ ಠಣ್ಣೆಂದರೆ ಒಳ್ಳೆಯ ಮೀನು, ದಪ್ಪೆಂದರೆ ಅದು ಬೆಕ್ಕಿನ ಪಾಲು. ಸಣ್ಣ ಸಸಲು ಮೀನು ಅಷ್ಟಾಗಿ ಸದ್ದು ಮಾಡುವುದಿಲ್ಲ. ಅವನ್ನು ನುಂಗಿ ನುಂಗಿ ಬೆಳೆದ ಬಾಳೆಮೀನಿದೆಯಲ್ಲ, ಅದು ವಯಸ್ಸಾದಷ್ಟೂ ಚೆನ್ನಾಗಿ ಮೊಳಗುತ್ತದೆ. ಅಂಗೈಯಗಲದ ಗೆಂಡೆಮೀನು ಎತ್ತಲು ಎರಡು ಕೈ ಬೇಕು, ಮೊಳದುದ್ದದ ಬಾಳೆಮೀನಿಗೆ ಇಬ್ಬರು ಬೇಕು. ಬೇರೆ ಊರುಗಳಲ್ಲಿ ಮೀನು ಈಜುತ್ತದಂತೆ. ನಮ್ಮ ಹೊಳೆಯಲ್ಲಿ ಅದು ತಳದ ಮರಳಿನ ಮೇಲೆ ಹೊಟ್ಟೆ ಎಳೆದುಕೊಂಡು ಹೋಗುತ್ತದೆ.

ತಿನ್ನುವ ನಾವೂ ಹಾಗೆಯೇ. ನೋಡಲು ಎಲ್ಲರಂತೆಯೇ ಇದ್ದೇವೆ, ಎಷ್ಟೋ ಜನ ಕಡ್ಡಿಯಂತಿದ್ದಾರೆ. ಆದರೆ ಹಗ್ಗದ ಮಂಚ ನಮ್ಮನ್ನು ತಡೆಯುವುದಿಲ್ಲ, ಕಲ್ಲಿನ ಜಗುಲಿಯೇ ಗತಿ. ಬಸ್ಸಿನ ಕಂಡಕ್ಟರ್ ನಮ್ಮ ಸ್ಟಾಪಿನಲ್ಲಿ ಹನ್ನೆರಡು ಜನರನ್ನು ಹತ್ತಿಸಿಕೊಂಡು ಸೀಟಿ ಊದಿಬಿಡುತ್ತಾನೆ. ಸತ್ತವರನ್ನು ಹೊರಲು ನಾಲ್ಕು ಹೆಗಲು ಸಾಲದು, ಹದಿನಾರು ಬೇಕು. ಹೊಳೆಯ ಪಕ್ಕದಲ್ಲೇ ಹುಟ್ಟಿ ಬೆಳೆದರೂ ನಮ್ಮಲ್ಲಿ ಯಾರಿಗೂ ಈಜು ಬರುವುದಿಲ್ಲ, ಕಾಲು ಎತ್ತಿದೆವೋ ತಳ ಸೇರಿದೆವು. ಬೆಳಿಗ್ಗೆ ಎದುರಾದವರು ಊಟ ತಿಂಡಿ ವಿಚಾರಿಸುವ ಮೊದಲು ಬೆರಳಿನ ಜೋಮು ವಿಚಾರಿಸುತ್ತಾರೆ. "ಜೋಮು ಹೆಂಗೈತೆ?" "ಮಣಿಕಟ್ಟಿನ ತಂಕ ಬಂದೈತೆ." ಅಷ್ಟು ಮಾತಾಡಿ ಮುಂದೆ ಹೋಗುತ್ತಾರೆ.

ನನ್ನ ಹೆಸರು ದ್ಯಾವಮ್ಮ. ಹರಿಗೋಲು ಹೆಣೆಯುವುದು, ಜನರನ್ನು ಆಚೆ ದಡಕ್ಕೆ ದಾಟಿಸುವುದು ನನ್ನ ಕೆಲಸ. ಅದರ ಜೊತೆಗೆ ಗೆರೆ ಎಳೆಯುವವಳೂ ನಾನೇ. ಅತ್ತೆಯಿಂದ ಬಂದದ್ದು. ಬಸುರಿಗೆ ಏಳು ತಿಂಗಳಾದಾಗ ಬಳೆ ತೊಡಿಸಿ, ಹೂ ಮುಡಿಸಿ, ಬಾಜಾಬಜಂತ್ರಿಯೊಂದಿಗೆ ಹೊಳೆಗೆ ಕರೆತರುತ್ತಾರೆ. ಅವಳೊಬ್ಬಳೇ ನನ್ನ ಹರಿಗೋಲಿನಲ್ಲಿ ಕೂರಬೇಕು. ಅದು ತಿರುಗದ ಹಾಗೆ ಇಬ್ಬರು ಮುತ್ತೈದೆಯರು ಅಂಚು ಹಿಡಿಯುತ್ತಾರೆ. ನಾನು ಸೊಂಟದುದ್ದ ನೀರಿನಲ್ಲಿ ನಿಂತು, ನೀರು ಮುಟ್ಟಿದ ಕಡೆ, ಡಾಂಬರಿನ ಕಪ್ಪು ಮೈಮೇಲೆ ಬೆರಳಿನಿಂದ ಸುಣ್ಣದ ಗೆರೆ ಎಳೆಯುತ್ತೇನೆ. ಆಮೇಲೆ ಹರಿಗೋಲನ್ನು ಬೋರಲು ಹಾಕಿ, ತಳದಿಂದ ಗೆರೆಯವರೆಗೆ ಅರಿಶಿನದ ದಾರ ಹಿಡಿದು ಅಳೆದು, ಗಂಟು ಹಾಕಿ ಪೆಟ್ಟಿಗೆಯಲ್ಲಿ ಇಡುತ್ತೇನೆ. ಹರಿಗೋಲು ಎಷ್ಟು ಆಳಕ್ಕೆ ಇಳಿಯಿತೋ ದಾರ ಅಷ್ಟು ಉದ್ದ. ದಾರ ಉದ್ದವಾದಷ್ಟೂ ಸೊಸೆಗೆ ಮರ್ಯಾದೆ, ಅತ್ತೆಗೆ ಜಂಬ. ಹರಿಗೋಲು ಇಳಿಯದೆ ಮೇಲೆಯೇ ನಿಂತರೆ ಮಾತ್ರ ಗ್ರಹಚಾರ. ಅವಳನ್ನು ಅತ್ತೆಯ ಮನೆಗೆ ಕರೆದುಕೊಂಡು ಹೋಗಿ, ಹೆರಿಗೆಯವರೆಗೆ ಕೇರಿಯವರೆಲ್ಲ ಸರದಿಯ ಮೇಲೆ ಮೂರು ಹೊತ್ತೂ ಬಾಳೆಮೀನು ತಿನ್ನಿಸುತ್ತಾರೆ. ಅದಕ್ಕೆ ತುಂಬಿಸುವುದು ಎಂದು ಹೆಸರು. ಬೇಡವೆಂದರೆ ಕೈಕಾಲು ಹಿಡಿದುಕೊಳ್ಳುವವರೂ ಇದ್ದಾರೆ, ಎಲ್ಲ ಪ್ರೀತಿಯಿಂದಲೇ.

ನನಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಸಾಕವ್ವ ಹೊಟ್ಟೆಯಲ್ಲಿದ್ದಾಗ ನನ್ನ ಗೆರೆ ಊರಿನಲ್ಲೇ ಹೆಚ್ಚು ಆಳದ್ದು. ನಮ್ಮತ್ತೆ ಆ ದಾರವನ್ನು ಕೊರಳಿಗೆ ಹಾಕಿಕೊಂಡು ಬೀದಿಯೆಲ್ಲ ಸುತ್ತಿದ್ದರು. ಸಾಕವ್ವನಿಗೆ ಈಗ ಇಪ್ಪತ್ತಾರು. ಮೂರು ವರ್ಷಕ್ಕೆ ಕತ್ತು ನಿಂತಿತು, ಏಳಕ್ಕೆ ಹೆಜ್ಜೆ ಇಟ್ಟಳು. "ಅವ್ವ" ಅನ್ನುತ್ತಾಳೆ, "ಮೀ" ಅನ್ನುತ್ತಾಳೆ, ಇನ್ನು ಮೂರನೆಯ ಮಾತಿಲ್ಲ. ಚಿಕ್ಕವಳು ಚೆಲುವಿ ಹೊಟ್ಟೆಯಲ್ಲಿದ್ದ ವರ್ಷ ಹೊಳೆ ಬತ್ತಿ ಬರೀ ಮರಳಾಗಿತ್ತು. ಮೀನೇ ಇಲ್ಲ, ಹುರುಳಿ, ಸೊಪ್ಪು ತಿಂದುಕೊಂಡು ಇದ್ದೆ. ಒಂದೇ ಒಂದು ಮಡುವಿನಲ್ಲಿ ನಿಂತಿದ್ದ ನೀರಲ್ಲಿ ಹರಿಗೋಲು ಇಳಿಸಿದರೆ ಗೆರೆ ಎಲ್ಲೋ ತಳದ ಹತ್ತಿರ. ತುಂಬಿಸೋಣವೆಂದರೂ ತುಂಬಿಸಲು ಏನೂ ಇರಲಿಲ್ಲ. ನಮ್ಮತ್ತೆ ಎರಡು ತಿಂಗಳು ನನ್ನ ಮುಖ ನೋಡಲಿಲ್ಲ. ಆ ಚೆಲುವಿ ಒಂಬತ್ತು ತಿಂಗಳಿಗೇ ಹೊಸಿಲು ದಾಟಿದಳು, ಎರಡು ವರ್ಷಕ್ಕೆ ನನಗೇ ಎದುರು ಮಾತಾಡಿದಳು. ದೇವರು ಒಬ್ಬಳ ಕಡೆ ಮುಖ ಮಾಡಿದ, ಇನ್ನೊಬ್ಬಳ ಕಡೆ ಬೆನ್ನು ಮಾಡಿದ ಅಂದುಕೊಂಡಿದ್ದೆ. ಇಪ್ಪತ್ತಮೂರು ವರ್ಷ ಹಾಗೆಯೇ ಅಂದುಕೊಂಡಿದ್ದೆ ನೋಡಿ, ನನ್ನಂಥ ಪೆದ್ದಿ ಇನ್ನೊಬ್ಬಳಿಲ್ಲ.

ಚೆಲುವಿಯನ್ನು ಊರಲ್ಲೇ ಕೊಟ್ಟಿದ್ದೆವು. ಅವಳ ಅತ್ತೆ ಚಿಕ್ಕತಾಯಮ್ಮ, ಮೀನಿನ ಚಪ್ಪಡಿಯ ಯಜಮಾನಿ. ಕಣ್ಣು ಮುಚ್ಚಿಕೊಂಡು, ಸದ್ದಿನ ಮೇಲೆಯೇ ಇದು ಯಾವ ಮಡುವಿನ ಮೀನು, ಎಷ್ಟು ವರ್ಷದ್ದು ಎಂದು ಹೇಳುವ ಹೆಂಗಸು. ಅಳಿಯ ಮಲ್ಲೇಶ ಬಲು ಸಾಧು. ಕೈಯಲ್ಲಿ ಹಿಡಿದದ್ದು ಜಾರುತ್ತದೆ, ಅಂಗಿಯ ಗುಂಡಿ ಹಾಕಿಕೊಳ್ಳಲು ಬೆರಳು ಬಗ್ಗುವುದಿಲ್ಲ, ಮದುವೆಯ ದಿನ ತಾಳಿಯ ಗಂಟನ್ನೂ ಚಿಕ್ಕತಾಯಮ್ಮನೇ ಹಿಂದಿನಿಂದ ಕೈ ಹಾಕಿ ಬಿಗಿದಳು. ನಮ್ಮೂರಿನಲ್ಲಿ ಅಂಥ ಗಂಡಸರು ಬೇಕಾದಷ್ಟು ಇದ್ದಾರೆ, ಯಾರೂ ಅದನ್ನು ಕೊರತೆಯೆಂದು ಎಣಿಸುವುದಿಲ್ಲ. ಗುಂಡಿ ಹಾಕುವುದು ತಾಯಿಯ ಕೆಲಸ, ಆಮೇಲೆ ಹೆಂಡತಿಯ ಕೆಲಸ, ಅಷ್ಟೆ.

ಚೆಲುವಿ ಬಸುರಾಗಿ ಮೂರು ತಿಂಗಳಾದಾಗ ಆಸ್ಪತ್ರೆಗೆ ಹೊಸ ನರ್ಸಮ್ಮ ಬಂದರು. ಲಲಿತಾಬಾಯಿ ಅಂತ, ಪರಸ್ಥಳದವರು, ನನ್ನ ಹರಿಗೋಲಿನಲ್ಲಿ ಕೂತರೆ ಕೂತದ್ದೇ ಗೊತ್ತಾಗುತ್ತಿರಲಿಲ್ಲ. ಅವರು ಬಾಳೆಮೀನಿನ ಒಂದು ತುಂಡನ್ನು ಐಸ್ ಡಬ್ಬಿಯಲ್ಲಿಟ್ಟು ದೊಡ್ಡ ಪಟ್ಟಣದ ಪ್ರಯೋಗಾಲಯಕ್ಕೆ ಕಳಿಸಿದರು. ಉತ್ತರ ಬಂದ ದಿನ ಚಪ್ಪಡಿಯ ಹತ್ತಿರ ನಿಂತು ಓದಿ ಹೇಳಿದರು. ಸೀಸವಂತೆ, ಪಾದರಸವಂತೆ, ಇನ್ನೊಂದರ ಹೆಸರು ನನ್ನ ನಾಲಗೆಗೆ ಬರಲಿಲ್ಲ. ಹೊಳೆಯ ಮೇಲ್ಗಡೆಯ ಕಾರ್ಖಾನೆಗಳ ನೀರಿನಿಂದ ಬಂದು ಸಣ್ಣ ಮೀನಿಗೆ ಸೇರಿ, ಅದನ್ನು ತಿಂದ ದೊಡ್ಡ ಮೀನಿನಲ್ಲಿ ಕೂಡಿಕೊಂಡು, ಕೊನೆಗೆ ನಮ್ಮಲ್ಲಿ ಉಳಿಯುತ್ತದಂತೆ. "ದೊಡ್ಡವರಿಗೆ ನರ, ಮೂತ್ರಪಿಂಡ ಕೆಡುತ್ತೆ. ಹೊಟ್ಟೇಲಿರೋ ಮಗೂಗೆ ಮಿದುಳೇ ಸರಿಯಾಗಿ ಬೆಳೆಯಲ್ಲ. ಬಸುರೀರು ಈ ಹೊಳೆ ಮೀನು ಮುಟ್ಟಲೇಬಾರದು" ಎಂದರು.

ಚಿಕ್ಕತಾಯಮ್ಮ ನಕ್ಕುಬಿಟ್ಟಳು. "ಪಾದರಸ ಅಂದ್ರೆ ಔಸ್ದಿ ಅಲ್ವೇನವ್ವ? ಹಿಂದೆ ಬೈರಾಗಿಗಳು ಅದುನ್ನ ಪುಟ ಹಾಕ್ಕೊಂಡು ತಿಂತಿದ್ರು. ನಮ್ಗೆ ಹೊಳೆವ್ವನೇ ತಂದು ಕೊಡ್ತಾವ್ಳೆ. ನಿಮ್ಮೂರ ಮೀನು ದಪ್ ಅಂತೈತೆ ಅಂತ ನಿಮ್ಗೆ ಹೊಟ್ಟೆಕಿಚ್ಚು, ಅಷ್ಟೇಯ." ಎಲ್ಲರೂ ನಕ್ಕರು. ನಾನೂ ನಕ್ಕೆ ಎನ್ನುವುದನ್ನು ಮುಚ್ಚಿಡುವುದಿಲ್ಲ.

ಆದರೆ ನರ್ಸಮ್ಮ ಹರಿಗೋಲಿನಲ್ಲಿ ದಾಟುವಾಗ ಒಂದು ಮಾತು ಕೇಳಿದರು. "ದ್ಯಾವಮ್ಮೋರೆ, ನಿಮ್ಮ ಹತ್ತಿರ ಎಲ್ಲಾ ಬಸುರೀರ ಅಳತೆ ದಾರ ಇದೆಯಂತೆ. ಯಾವ ದಾರಕ್ಕೆ ಯಾವ ಮಗು ಅಂತ ನೆನಪಿದೆಯಾ?" ನೆನಪಿಲ್ಲದೆ ಏನು? ಎರಡು ತಲೆಮಾರಿನ ದಾರಗಳವು, ಒಂದೊಂದರ ಗಂಟೂ ನನಗೆ ಗೊತ್ತು. ಮನೆಗೆ ಬಂದವಳು ಸುಮ್ಮನಿರಲಾರದೆ ಪೆಟ್ಟಿಗೆ ತೆಗೆದು, ದಾರಗಳನ್ನು ನಡುಮನೆಯಲ್ಲಿ ಗಿಡ್ಡದರಿಂದ ಉದ್ದದವರೆಗೆ ಸಾಲಾಗಿ ಹಾಸಿದೆ. ಗಿಡ್ಡದು ಚೆಲುವಿಯದು. ಅದರ ಪಕ್ಕ ಹೂಗಾರರ ಹುಡುಗಿ, ಅವಳ ತಾಯಿಗೆ ಮೀನು ಕಂಡರೆ ವಾಂತಿಯಾಗುತ್ತಿತ್ತು. ಆ ಹುಡುಗಿ ಈಗ ಮೇಷ್ಟರ ಕೆಲಸ ಮಾಡುತ್ತಾಳೆ. ನಡುವೆ ಬಂದರೆ ತೊದಲುವವರು, ಹತ್ತು ವರ್ಷವಾದರೂ ಎಣಿಕೆ ಬಾರದವರು. ಆ ತುದಿಯಲ್ಲಿ ಸಾಕವ್ವ, ಕುಂಬಾರರ ಕುರುಡು ಮಗು, ಹುಟ್ಟಿದ ವಾರಕ್ಕೇ ಹೋದ ಇಬ್ಬರು. ಒಂದೂ ತಪ್ಪಲಿಲ್ಲ. ಗೋಡೆಗೆ ಒರಗಿ ಕೂತಿದ್ದ ಸಾಕವ್ವ ತನ್ನ ದಾರವನ್ನು ಕಾಲಿನಿಂದ ಎಳೆದು ಆಡತೊಡಗಿದಳು. ಅವಳನ್ನು ಹೀಗೆ ಮಾಡಿದವಳು ನಾನು, ಈ ಕೈಯಿಂದ ತುತ್ತು ಎತ್ತಿ ಎತ್ತಿ ತಿಂದವಳು ನಾನು. ಮಗಳನ್ನು ತಬ್ಬಿಕೊಂಡು ಅತ್ತುಬಿಟ್ಟೆ. ಅವಳು ನನ್ನ ಕಿವಿಯ ಓಲೆ ಎಳೆಯುತ್ತ ನಗುತ್ತಿದ್ದಳು.

ಚೆಲುವಿಗೆ ಆಗಲೇ ನಾಲ್ಕು ತುಂಬುತ್ತಿತ್ತು. ಅವಳಿಗೂ ದಾರ ಹಾಸಿ ತೋರಿಸಿದೆ. ಅವಳು ತನ್ನ ದಾರವನ್ನು ಅಕ್ಕನದರ ಪಕ್ಕ ಇಟ್ಟು ನೋಡಿದಳು. ಆಮೇಲೆ ಕೇಳಿದಳು, "ಅವ್ವ, ಇಲ್ಲಿ ತಂಕ ತಿಂದಿದ್ದು?"

"ಅದು ಹೋದ್ದು ಹೋಯ್ತು. ಇನ್ಮೇಕೆ ತಿನ್ಬ್ಯಾಡ."

"ತಿನ್ದೆ ಇದ್ರೆ ಹರಿಗೋಲು ಮ್ಯಾಕೇ ನಿಂತ್ಕೊತೈತೆ. ನಮ್ಮತ್ತೆ ತುಂಬಿಸ್ದೆ ಬಿಡ್ತಾಳಾ?"

ಅದೇ ನನ್ನನ್ನೂ ಕೊರೆಯುತ್ತಿದ್ದದ್ದು. ಮೂರು ತಿಂಗಳು ಉಳಿಸಿ ಕೊನೆಯ ಎರಡು ತಿಂಗಳು ಬಾಯಿಗೆ ಬಾಳೆಮೀನು ತುರುಕಿಸಿದರೆ ಏನು ಉಳಿದಂತಾಯಿತು? "ಗೆರೆ ಎಳೆಯೋಳು ನಾನಲ್ವಾ" ಎಂದೆ. ಧೈರ್ಯ ಬಂದು ಆಡಿದ ಮಾತಲ್ಲ ಅದು, ಬಾಯಿಗೆ ಬಂದಿತು.

ಐದರಲ್ಲಿ ಏನೋ ನೆವ ಹೇಳಿ ಅವಳನ್ನು ತವರಿಗೆ ಕರೆತಂದೆ. ಚಿಕ್ಕತಾಯಮ್ಮ ಬೇಡವೆನ್ನಲಿಲ್ಲ, ಆದರೆ ದಿನಾ ಮಧ್ಯಾಹ್ನ ಒಂದು ಹಿತ್ತಾಳೆಯ ಪಾತ್ರೆಯಲ್ಲಿ ಮೀನಿನ ಸಾರು ಕಳಿಸುತ್ತಿದ್ದಳು. ಪಾತ್ರೆಯನ್ನು ಮಲ್ಲೇಶ ಒಂದು ಕಡೆ, ಇನ್ನೊಬ್ಬ ಆಳು ಒಂದು ಕಡೆ ಹಿಡಿದು ಏದುಸಿರು ಬಿಡುತ್ತ ತಂದು ಇಳಿಸುತ್ತಿದ್ದರು. ಅವರು ಬೆನ್ನು ತಿರುಗಿಸಿದ ಮೇಲೆ ನಾನು ಅದನ್ನು ಹಿತ್ತಲಲ್ಲಿ ಹೂಳುತ್ತಿದ್ದೆ. ವಾಸನೆಗೆ ಸಾಕವ್ವ "ಮೀ, ಮೀ" ಎಂದು ತೂರಾಡಿಕೊಂಡು ಬರುವಳು. ಅವಳಿಗೂ ಕೊಡುವುದನ್ನು ನಿಲ್ಲಿಸಿದ್ದೆ. ಅವಳು ಖಾಲಿ ತಟ್ಟೆ ಹಿಡಿದುಕೊಂಡು ನನ್ನ ಮುಖವನ್ನೇ ನೋಡುತ್ತಿದ್ದಳು. ಹೊರಗೆ ಹೆಜ್ಜೆ ಸಪ್ಪಳವಾದರೆ ಸಾಕು, ಗುದ್ದಲಿಯನ್ನು ಸೌದೆಯ ಕೆಳಗೆ ಸರಿಸುತ್ತಿದ್ದೆ. ಹೀಗೆ ಕದ್ದುಮುಚ್ಚಿ ಎರಡು ತಿಂಗಳು ಕಳೆದೆ.

ಗೆರೆಗೆ ನಾಲ್ಕು ದಿನ ಇರುವಾಗ, ದಂಡೆಯಲ್ಲಿ ಯಾರೂ ಇಲ್ಲದ ಮಟಮಟ ಮಧ್ಯಾಹ್ನ ಚೆಲುವಿಯನ್ನು ಹರಿಗೋಲಿನಲ್ಲಿ ಕೂರಿಸಿ ನೋಡಿದೆ. ಅದು ಇಳಿಯಲೇ ಇಲ್ಲ, ಮುತ್ತುಗದ ಎಲೆಯ ಹಾಗೆ ನೀರಿನ ಮೇಲೆ ನಿಂತಿತು. ಒಂದು ಕಡೆ ಖುಷಿ, ಇನ್ನೊಂದು ಕಡೆ ಭಯ. ಅಂದೇ ಹರಿಗೋಲಿನ ತಳಕ್ಕೆ ಸರಿಹೊಂದುವಂತೆ ಇನ್ನೊಂದು ಬಿದಿರಿನ ಚಾಪೆ ಹೆಣೆದೆ. ತಳಕ್ಕೂ ಅದಕ್ಕೂ ನಡುವೆ ಬೆಣಚುಕಲ್ಲು ಜೋಡಿಸಿ ಅಳೆದೆ. ನಡುವಿನ ಸಾಲಿನ ದಾರದಷ್ಟು ಬಂದರೆ ಸಾಕು, ಯಾರೂ ತುಂಬಿಸುವ ಮಾತೆತ್ತುವುದಿಲ್ಲ. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಆ ದಿನ ಬೆಳಿಗ್ಗೆ ಬಾಜಾ ಹತ್ತಿರ ಬರುವುದು ಕೇಳಿಸಿತು ನೋಡಿ, ಸಾಲದೆ ಬಂದರೆ ಏನು ಗತಿ ಎಂದು ಹೆದರಿ ಇನ್ನೂ ಆರು ಕಲ್ಲು ತುರುಕಿಬಿಟ್ಟೆ.

ಚೆಲುವಿ ಕೂತಳು. ಹರಿಗೋಲು ಇಳಿಯಿತು, ಇನ್ನೂ ಇಳಿಯಿತು. ಅಂಚು ಹಿಡಿದ ಹೆಂಗಸರು ಗಾಬರಿಯಾಗಿ ನನ್ನ ಕಡೆ ನೋಡಿದರು. ನೀರು ಬಾಯಂಚಿಗೆ ಗೇಣು ಉಳಿದಾಗ ನಿಂತಿತು. ಗೆರೆ ಎಳೆದು, ಜನ ಚೆಲುವಿಗೆ ಆರತಿ ಎತ್ತುವಾಗ ಹರಿಗೋಲನ್ನು ನೀರಿನಲ್ಲೇ ಜೊಂಡಿನ ಮರೆಗೆ ತಳ್ಳಿ, ಕಲ್ಲು, ಚಾಪೆ ತೆಗೆದು ಬೋರಲು ಹಾಕಿದೆ. ದಾರ ಹಿಡಿದರೆ ಸಾಕವ್ವನದಕ್ಕಿಂತ ನಾಲ್ಕು ಬೆರಳು ಉದ್ದ. ಚಿಕ್ಕತಾಯಮ್ಮ ನೀರಿಗೇ ಇಳಿದು ಬಂದು ನನ್ನನ್ನು ಅಪ್ಪಿಕೊಂಡು ಗೊಳೋ ಎಂದು ಅತ್ತಳು. "ಬೀಗಿತ್ತಮ್ಮ, ನನ್ ಮನೆ ಹೆಸ್ರು ಉಳಿಸ್ಬಿಟ್ಟೆ ಕಣೆ." ಅವಳ ತೋಳಿನಲ್ಲಿ ನನಗೆ ಉಸಿರಾಡಲಾಗಲಿಲ್ಲ. ಆ ಗೆರೆಯ ಹರಿಗೋಲನ್ನು ಅವಳ ಬಾಗಿಲಿನ ಪಕ್ಕ ಒರಗಿಸಿಟ್ಟರು, ಮಾಮೂಲಿನಂತೆ.

ಗೆದ್ದೆ ಎಂದುಕೊಂಡು ವಾರ ಕಳೆದಿರಲಿಲ್ಲ. ಚಪ್ಪಡಿಯ ಹತ್ತಿರ ಹೋದವಳಿಗೆ ಬಸುರಿಯರ ಸಾಲು ಕಂಡಿತು. ಮೊದಲು ದಿನಕ್ಕೊಂದು ಮೀನು ಒಯ್ಯುತ್ತಿದ್ದ ಮನೆಗಳು ಮೂರು ಒಯ್ಯುತ್ತಿದ್ದವು. "ಚೆಲುವಿ ಗೆರೆ ಮುಟ್ಬೇಕಲ್ಲಕ್ಕ" ಎಂದು ನಗುತ್ತ ಹೇಳುತ್ತಿದ್ದರು. ಎಲ್ಲರಿಗಿಂತ ಮುಂದೆ ನಿಂತಿದ್ದವಳು ಭಾಗ್ಯ. ತಾಯಿಯಿಲ್ಲದ ಹುಡುಗಿ, ಹತ್ತೊಂಬತ್ತು ವರ್ಷ, ಅತ್ತೆಯ ಮನೆ ಬಿಟ್ಟರೆ ಬೇರೆ ಗತಿಯಿಲ್ಲ. ಮುಂದಿನ ತಿಂಗಳು ಅವಳ ಗೆರೆ. ಅವಳನ್ನು ಪಕ್ಕಕ್ಕೆ ಕರೆದು, "ಅಷ್ಟೊಂದು ತಿನ್ಬ್ಯಾಡ ಕಣವ್ವ" ಎಂದೆ. ಅವಳು ಕಣ್ಣರಳಿಸಿ, "ನೀವು ನಿಮ್ ಮಗಳಿಗೆ ತಿನ್ಸಿಲ್ವಾ ದ್ಯಾವಕ್ಕ?" ಎಂದಳು. ಅದರಲ್ಲಿ ಕೊಂಕಿರಲಿಲ್ಲ, ನಿಜವಾಗಿಯೂ ಕೇಳಿದಳು. ನಾನು ಉತ್ತರ ಹೇಳದೆ ಬಂದುಬಿಟ್ಟೆ. ಆವತ್ತು ನಾನು ನಿಜ ಹೇಳಿದ್ದರೆ ಒಂದು ತಿಂಗಳಾದರೂ ಉಳಿಯುತ್ತಿತ್ತು. ನನ್ನ ಮಗಳ ಹೊಟ್ಟೆಯೊಂದೇ ಕಣ್ಣಿಗೆ ಕಟ್ಟಿತ್ತು, ಹೇಳಲಿಲ್ಲ.

ಭಾಗ್ಯಳ ಗೆರೆಯ ದಿನ ಬಂತು. ನಾನು ಇನ್ನೊಂದು ಹರಿಗೋಲಿನಲ್ಲಿ ಮತ್ತೆ ಚಾಪೆ ಹಾಸಿ ಕಲ್ಲು ಜೋಡಿಸಿದೆ, ಅವಳನ್ನೂ ತುಂಬಿಸದಿರಲಿ ಎಂದು. ಚೆಲುವಿ ಎಂಟರ ಹೊಟ್ಟೆ ಹೊತ್ತು ಪಕ್ಕದಲ್ಲಿ ನಿಂತು ನೋಡಿದಳು.

"ಅವ್ವ, ಇವಳ್ದು ನನ್ ಗೆರೆ ದಾಟುದ್ರೆ ಮುಂದಿನೋಳು ಇವಳ್ನ ದಾಟ್ಬೇಕು ಅಂತಾಳೆ. ಎಷ್ಟು ಜನುಕ್ಕೆ ಕಲ್ಲು ಹಾಕ್ತಿಯಾ?"

"ನೀನು ಹೆತ್ತು ಮುಗಿಯೋ ಗಂಟ ಸುಮ್ಕಿರು. ನಿನ್ ಕೈ ಮುಗಿತೀನಿ."

ಅಷ್ಟರಲ್ಲಿ ಮೆರವಣಿಗೆ ಬಂತು. ಭಾಗ್ಯ ಮೆಟ್ಟಿಲು ಇಳಿಯುತ್ತ ತಡವರಿಸಿದಳು, ಗಾಳಿಯಲ್ಲಿ ಕೈಯಾಡಿಸಿದಳು. ಹಿಡಿಯಲು ಹೋದ ನನ್ನ ಮುಖವನ್ನು ಹುಡುಕಿಕೊಂಡು ಹೇಳಿದಳು, "ಮೆಟ್ಲು ಎಲ್ಲೈತಕ್ಕ? ಎದುರಿಂದು ಕಾಣ್ತದೆ, ಪಕ್ಕದ್ದು ಕಾಣಕಿಲ್ಲ. ಕೊಳವೆ ಒಳಗಿಂದ ನೋಡ್ದಂಗೈತೆ." ಆಮೇಲೆ ತುಟಿ ಮುಟ್ಟಿಕೊಂಡು, ಹೆಮ್ಮೆಯಿಂದ, "ತುಟಿನೂ ಜೋಮು ಹಿಡಿದೈತೆ. ಚೆಲುವಕ್ಕನ ಗೆರೆ ಮುಟ್ತದಾ ನಂದು?" ಎಂದಳು.

ಚೆಲುವಿ ಇನ್ನು ನನ್ನ ಮುಖ ನೋಡಲಿಲ್ಲ. ಸೀರೆ ಎತ್ತಿ ಕಟ್ಟಿ, ನೀರಿಗಿಳಿದು, ಹರಿಗೋಲಿನ ಚಾಪೆಗೆ ಕೈ ಹಾಕಿ ಕಿತ್ತಳು. ಒಂದೊಂದೇ ಕಲ್ಲನ್ನು ಎತ್ತಿ ಹೊಳೆಗೆ ಎಸೆದಳು. ಬಾಜಾ ನಿಂತುಹೋಯಿತು. ಕಲ್ಲೆಲ್ಲ ಮುಗಿದ ಮೇಲೆ ಹರಿಗೋಲು ಹತ್ತಿ ತಾನೇ ಕೂತಳು. ಅದು ಒಂದಿಷ್ಟೇ ಇಳಿದು ನಿಂತಿತು. "ಗೆರೆ ಎಳಿಯವ್ವ" ಎಂದಳು.

ನಾನು ಎಳೆದೆ. ತಳದಿಂದ ಗೇಣುದ್ದ.

ಚಿಕ್ಕತಾಯಮ್ಮ ಮುಂದೆ ಬಂದಳು. "ಅಂದ್ರೆ ನನ್ ಮನೆ ಬಾಗ್ಲಲ್ಲಿರೋ ಗೆರೆ?"

"ಕಲ್ಲಿಂದು ಕಣಕ್ಕ. ನನ್ ಕೆಲ್ಸ. ಅವಳು ನಾಲ್ಕು ತಿಂಗಳಿಂದ ಮೀನು ತಿಂದಿಲ್ಲ. ನೀನ್ ಕಳ್ಸಿದ್ದೆಲ್ಲ ಹಿತ್ತಲಲ್ಲೈತೆ."

ಅವಳು ನನ್ನನ್ನು ಬೈಯಲಿಲ್ಲ. ಹೆಂಗಸರ ಕಡೆ ತಿರುಗಿ, "ಹಿಡ್ಕೊಳ್ರೇ ಅವಳ್ನ. ಇನ್ನೂ ತಿಂಗ್ಳೈತೆ, ತುಂಬಿಸಾನ" ಎಂದಳು. ಐದಾರು ಜನ ನೀರಿಗಿಳಿದರು. ಒಬ್ಬಳು ಚೆಲುವಿಯ ರಟ್ಟೆ ಹಿಡಿದಳು. ನಾನು ಓಡಿಹೋಗಿ ದಡದ ಮೇಲಿದ್ದ ದಾರದ ಪೆಟ್ಟಿಗೆ ತಂದು ಬಾಯಿ ತೆರೆದೆ. ಕಲ್ಲಿನ ಆ ಸುಳ್ಳು ದಾರವನ್ನು ಪಕ್ಕಕ್ಕೆ ಸರಿಸಿ, ಉಳಿದವುಗಳಲ್ಲಿ ಎಲ್ಲಕ್ಕಿಂತ ಉದ್ದದ್ದನ್ನು ಎತ್ತಿ ಹಿಡಿದೆ. "ಇದು ನಂದು. ಊರೇ ಹೊಗಳಿದ್ದು. ಮಗು ಅಲ್ಲಿ ಕೂತದೆ ನೋಡಿ" ಎಂದು ಮೆಟ್ಟಿಲ ಮೇಲೆ ಜೊಲ್ಲು ಸುರಿಸುತ್ತ ಕೂತಿದ್ದ ಸಾಕವ್ವನನ್ನು ತೋರಿಸಿದೆ. ಅವಳು ಎಲ್ಲರೂ ತನ್ನ ಕಡೆ ನೋಡಿದ್ದಕ್ಕೆ ನಕ್ಕಳು. ಎರಡನೆಯ ದಾರ ಎತ್ತಿದೆ. ಕುಂಬಾರಗಿತ್ತಿ ನೀರಿನಲ್ಲೇ ಕೂಗಿಕೊಂಡಳು, "ಬ್ಯಾಡ ದ್ಯಾವಕ್ಕ, ಹೆಸ್ರು ಹೇಳ್ಬ್ಯಾಡ." ನಾನು ಹೇಳಲಿಲ್ಲ. ಸುಮ್ಮನೆ ಒಂದೊಂದೇ ದಾರ ಎತ್ತಿ ಹಿಡಿದೆ, ಇಳಿಸಿದೆ. ಯಾರದು ಎಂದು ಅವರವರಿಗೇ ಗೊತ್ತಾಗುತ್ತಿತ್ತು. ಚೆಲುವಿಯ ರಟ್ಟೆ ಹಿಡಿದವಳ ಕೈ ಸಡಿಲವಾಯಿತು.

"ನಂದೈತಾ?" ಎಂದಳು ಚಿಕ್ಕತಾಯಮ್ಮ.

ಇತ್ತು. ನಮ್ಮತ್ತೆಯ ಕಾಲದ್ದು, ಬಣ್ಣ ಮಾಸಿದ್ದು. ಉದ್ದದ ಸಾಲಿನಲ್ಲಿ ಐದನೆಯದು. ಕೊಟ್ಟೆ. ಅವಳು ಅದನ್ನು ಬೆರಳಿನಿಂದ ಬೆರಳಿಗೆ ಸುತ್ತುತ್ತ, ದಂಡೆಯ ಮೇಲೆ ನಿಂತಿದ್ದ ಮಗನನ್ನು ನೋಡಿದಳು. ಮಲ್ಲೇಶನ ಅಂಗಿಯ ಗುಂಡಿ ಬಿಚ್ಚಿಹೋಗಿತ್ತು. ಅವನು ಎರಡೂ ಕೈಯಿಂದ ಅದನ್ನು ತೂತಿಗೆ ಸೇರಿಸಲು ನೋಡುತ್ತಿದ್ದ, ಜಾರುತ್ತಿತ್ತು, ಮತ್ತೆ ನೋಡುತ್ತಿದ್ದ. ಚಿಕ್ಕತಾಯಮ್ಮ ಮೇಲೆ ಹತ್ತಿ ಹೋಗಿ ಅವನ ಗುಂಡಿ ಹಾಕಿ, ದಾರವನ್ನು ಸೆರಗಿಗೆ ಗಂಟು ಹಾಕಿಕೊಂಡು ಮನೆಗೆ ಹೋದಳು.

ಮಾರನೆಯ ದಿನ ಮಧ್ಯಾಹ್ನ ಬಾಗಿಲಲ್ಲಿ ಸದ್ದಾಯಿತು. ಮಲ್ಲೇಶ ಅದೇ ಹಿತ್ತಾಳೆಯ ಪಾತ್ರೆ ಹಿಡಿದು ನಿಂತಿದ್ದ. ಮುಗಿಯಿತು, ಇವಳು ಬಿಡುವವಳಲ್ಲ ಎಂದುಕೊಂಡೆ. ಆಮೇಲೆ ಗಮನಕ್ಕೆ ಬಂತು, ಅವನ ಜೊತೆ ಇನ್ನೊಬ್ಬನಿರಲಿಲ್ಲ. ಜಾರುವ ಕೈಯಲ್ಲಿ ಎದೆಗೆ ಅವಚಿಕೊಂಡು ಅವನೊಬ್ಬನೇ ಹೊತ್ತು ತಂದಿದ್ದ. ಮುಚ್ಚಳ ತೆಗೆದೆ. ಹುರುಳಿಕಾಳಿನ ಸಾರು, ದಂಟಿನ ಸೊಪ್ಪಿನ ಪಲ್ಯ. "ಅವ್ವ ಮಾಡೌಳೆ. ಉಪ್ಪು ಸರಿಗೈತಾ ಕೇಳ್ಕೊಂಡ್ ಬಾ ಅಂದ್ಲು" ಎಂದ. ಉಪ್ಪು ಹೆಚ್ಚಾಗಿತ್ತು. ಸರಿಯಾಗಿದೆ ಎಂದು ಹೇಳಿ ಕಳಿಸಿದೆ.

ಊರೇನೂ ಒಂದೇ ದಿನಕ್ಕೆ ಬದಲಾಗಲಿಲ್ಲ. ಚಪ್ಪಡಿಯ ಮೇಲೆ ಇವತ್ತಿಗೂ ಮೀನು ಮೊಳಗುತ್ತದೆ. ಆದರೆ ಗೆರೆ ಎಳೆಯುವುದನ್ನು ನಾನು ಬಿಟ್ಟೆ, ಬೇರೆ ಯಾರೂ ಮುಂದೆ ಬರಲಿಲ್ಲ. ಬಸುರಿಯರಿರುವ ಮನೆಗಳಲ್ಲಿ ಕೆಲವರು ನರ್ಸಮ್ಮನ ಮಾತು ಕೇಳುತ್ತಾರೆ, ಕೆಲವರು ನನ್ನ ಹರಿಗೋಲು ಹತ್ತುವುದನ್ನೇ ನಿಲ್ಲಿಸಿದ್ದಾರೆ. ಚೆಲುವಿಗೆ ಗಂಡುಮಗುವಾಯಿತು. ಮೊದಲ ನಾಲ್ಕು ತಿಂಗಳು ಅವಳು ತಿಂದದ್ದು ನೆನೆಸಿಕೊಂಡು ನನಗೆ ನಿದ್ದೆಯಿಲ್ಲ. ದಿನಾ ಬೆಳಿಗ್ಗೆ ಹೋಗಿ ಅದರ ಅಂಗೈಯಲ್ಲಿ ನನ್ನ ಬೆರಳು ಇಟ್ಟು ನೋಡುತ್ತೇನೆ. ಗಟ್ಟಿಯಾಗಿ ಹಿಡಿಯುತ್ತದೆ, ಬಿಡಿಸಿಕೊಳ್ಳಲು ಹೋದರೆ ಅಳುತ್ತದೆ. ಚಿಕ್ಕತಾಯಮ್ಮ ತೊಟ್ಟಿಲಿನ ಪಕ್ಕ ಕೂತು, "ಇನ್ನೊಂದ್ ಸಲ ಇಟ್ ನೋಡಕ್ಕ" ಎನ್ನುತ್ತಾಳೆ.

ಅಲ್ಲಿಂದ ಭಾಗ್ಯಳ ಮನೆಗೆ ಹೋಗುತ್ತೇನೆ. ಅವಳದು ಹೆಣ್ಣುಮಗು, ನಾಲ್ಕು ತಿಂಗಳು, ಮುಖ ಚೆನ್ನಾಗಿದೆ. ಕತ್ತು ಇನ್ನೂ ನಿಂತಿಲ್ಲ. ಎತ್ತಿಕೊಂಡರೆ ಕೈ ಸೋಲುವಷ್ಟು ಭಾರ, ನನ್ನ ಆ ಆರು ಕಲ್ಲುಗಳೂ ಅದರ ಮೈಯಲ್ಲೇ ಇರುವ ಹಾಗೆ. ಭಾಗ್ಯ ನನ್ನನ್ನು ಒಂದು ಮಾತೂ ಅಂದಿಲ್ಲ, ಅದಕ್ಕೇ ಅವಳ ಮುಖ ನೋಡಲಾಗುವುದಿಲ್ಲ. ಅವಳು ಚಾಪೆ ಹಾಸಿ ಮಗುವನ್ನು ಮಲಗಿಸುತ್ತಾಳೆ, ನಾನು ಅಂಗೈಯಲ್ಲಿ ಬೆರಳು ಇಡುತ್ತೇನೆ, ಇಬ್ಬರೂ ಕಾಯುತ್ತೇವೆ. "ಈಗ ಹಿಡಿತಾ ದ್ಯಾವಕ್ಕ?" ಎನ್ನುತ್ತಾಳೆ. ನನ್ನ ಬೆರಳಿಗೂ ಜೋಮು ಹಿಡಿದಿದೆ, ಮುಟ್ಟಿದ್ದು ಗೊತ್ತಾಗುವುದಿಲ್ಲ. ಹಾಗಾಗಿ ಅವಳನ್ನೇ ಬಗ್ಗಿ ನೋಡಲು ಹೇಳುತ್ತೇನೆ. ಪಕ್ಕದ್ದು ಕಾಣದ ಕಣ್ಣನ್ನು ಮಗುವಿನ ಕೈಗೆ ತೀರ ಹತ್ತಿರ ತಂದು ಅವಳು ನೋಡುತ್ತಾಳೆ. ಇವತ್ತೂ ಹೋಗಿ ಬಂದೆ. ನಾಳೆಯೂ ಹೋಗುತ್ತೇನೆ.